ಇನ್ನೂರ ಹನ್ನೆರಡು ಮೀಟರ್

ಶಾಲೆಯ ಮೂಲೆಯಲ್ಲಿರುವ ನೀರಿನ ಮುಖ್ಯ ಕೊಳವೆಯಿಂದ ನಮ್ಮ ಜೆಮೈಮಾ ಅಜ್ಜಿಯ ಅಡುಗೆಮನೆಗೆ ಇನ್ನೂರ ಹನ್ನೆರಡು ಮೀಟರ್. ಟೇಪು ಹಿಡಿದು ಅಳೆದವಳು ನಾನೇ. ಅಷ್ಟು ದೂರ ಒಂದು ಪೈಪು ಹೂಳಿದರೆ ಭೂಮಿತಾಯಿಗೆ ಏನಾಗಬಹುದೋ ಎಂದು ಸರ್ಕಾರ ಹದಿನಾಲ್ಕು ತಿಂಗಳಿಂದ ಚಿಂತೆಯಲ್ಲಿ ಬಿದ್ದಿತ್ತು. ಅದೇ ಹದಿನಾಲ್ಕು ತಿಂಗಳಲ್ಲಿ ನಮ್ಮ ರಿಸರ್ವಿನ, ಅಂದರೆ ಮೂಲನಿವಾಸಿಗಳಾದ ನಮಗೆಂದು ಸರ್ಕಾರ ಗುರುತಿಸಿಕೊಟ್ಟ ನೆಲದ, ಗಡಿಯಾಚೆ ಗಣಿ ಕಂಪನಿಯವರು ತೊಂಬತ್ತು ಕಿಲೋಮೀಟರ್ ರಸ್ತೆ ಮಾಡಿ ಮುಗಿಸಿದರು. ಅವರು ಜಾಣರು. ರಸ್ತೆಯನ್ನು ಆರು ತುಂಡು ಮಾಡಿ ಆರು ಅರ್ಜಿ ಹಾಕಿದರು. ಹದಿನೈದು ಕಿಲೋಮೀಟರ್ ರಸ್ತೆಯಿಂದ ಪರಿಸರಕ್ಕೆ ಏನೂ ಆಗುವುದಿಲ್ಲವಂತೆ. ಹಾಗಾಗಿ ಆರು ಸಲ ಏನೂ ಆಗಲಿಲ್ಲ.

ನಾನು ನಮೇಪಿ ರಿಸರ್ವಿನ ಆಡಳಿತ ನಡೆಸುವ ಬ್ಯಾಂಡ್ ಆಫೀಸಿನ ಭೂಮಿ ಮತ್ತು ಪರಿಸರ ವಿಭಾಗ. ವಿಭಾಗದಲ್ಲಿ ಕೆಲಸ ಮಾಡುತ್ತೇನೆ ಎಂದರೆ ತಪ್ಪಾಗುತ್ತದೆ. ನಾನೇ ವಿಭಾಗ. ನನಗೆ ಜ್ವರ ಬಂದ ದಿನ ನಮೇಪಿಯಲ್ಲಿ ಪರಿಸರ ಇರುವುದಿಲ್ಲ.

ಅಜ್ಜಿಯ ಎರಡೂ ಕಿಡ್ನಿ ಕೈಕೊಟ್ಟು ಎರಡು ವರ್ಷವಾಗಿತ್ತು. ಅಂದಿನಿಂದ ಅವಳು ವಿಮಾನದಲ್ಲಿ ಎರಡು ತಾಸು ದೂರದ ಪೇಟೆಯಲ್ಲಿ, ರೋಗಿಗಳ ವಸತಿಗೃಹದ ಒಂದು ರೂಮಿನಲ್ಲಿ, ವಾರಕ್ಕೆ ಮೂರು ದಿನ ಡಯಾಲಿಸಿಸ್ ಮಾಡಿಸಿಕೊಂಡು ಬದುಕಿದ್ದಳು. ಆ ಬೇಸಿಗೆ ಆಸ್ಪತ್ರೆಯವರು ಮನೆಯಲ್ಲೇ ಇಟ್ಟುಕೊಳ್ಳುವ ಯಂತ್ರವೊಂದನ್ನು ಅವಳ ಹೆಸರಿಗೆ ತೆಗೆದಿಟ್ಟರು. ನಾನು ಆರು ವಾರ ಪೇಟೆಯಲ್ಲಿ ಕೂತು ಸೂಜಿ ಚುಚ್ಚುವುದನ್ನೂ ಕೊಳವೆ ಜೋಡಿಸುವುದನ್ನೂ ಕಲಿತೆ. ಷರತ್ತು ಒಂದೇ. ಮನೆಗೆ ಪೈಪಿನಲ್ಲಿ ನೀರು ಬರಬೇಕು. ನಮ್ಮ ಕಡೆಯ ಅರ್ಧ ಮನೆಗಳಿಗೆ ನೀರು ಬರುವುದು ಲಾರಿಯಲ್ಲಿ. ಅದು ಮನೆಯಡಿಯ ತೊಟ್ಟಿಗೆ ಬೀಳುತ್ತದೆ, ತೊಟ್ಟಿಗೆ ಆಗಾಗ ಇಲಿಯೂ ಬೀಳುತ್ತದೆ. ತೊಟ್ಟಿ ನೀರು ಯಂತ್ರಕ್ಕೆ ಆಗದು. ಸರೋವರ ಹೆಪ್ಪುಗಟ್ಟುವ ಮೊದಲು, ಅಂದರೆ ಅಕ್ಟೋಬರ್ ಹತ್ತರೊಳಗೆ ಪೈಪು ಬರದಿದ್ದರೆ ಯಂತ್ರ ಪಟ್ಟಿಯ ಮುಂದಿನ ಹೆಸರಿಗೆ. ಮತ್ತೆ ಅವಳ ಸರದಿ ಯಾವಾಗ ಎಂದು ಕೇಳಿದ್ದಕ್ಕೆ ನರ್ಸು ಅಜ್ಜಿಯ ವಯಸ್ಸು ನೋಡಿ ಫೈಲು ಮುಚ್ಚಿದಳು.

ಪೈಪುಗಳೇನೋ ಫೆಬ್ರವರಿಯಲ್ಲೇ, ಹೆಪ್ಪುಗಟ್ಟಿದ ಸರೋವರದ ಮೇಲಿನ ಚಳಿಗಾಲದ ರಸ್ತೆ ಗಟ್ಟಿಯಿದ್ದಾಗ ಲಾರಿಯಲ್ಲಿ ಬಂದಿದ್ದವು. ನೀರು ಶುದ್ಧೀಕರಣ ಘಟಕ ನೋಡಿಕೊಳ್ಳುವ ಸೈಲಸ್ ಮಾವನ ಅಂಗಳದಲ್ಲಿ ಬಿದ್ದಿದ್ದವು. ಅವನ ನಾಯಿ ಆ ರಾಶಿಯ ಸಂದಿಯಲ್ಲೇ ಮರಿ ಹಾಕಿತ್ತು.

ಬೇಕಾಗಿದ್ದದ್ದು ಸರ್ಕಾರಿ ಇಲಾಖೆಯ ಪರಿಸರ ಪರಿಶೀಲನೆಯ ಒಪ್ಪಿಗೆ. ಅರ್ಜಿ ಮೂವತ್ತೆಂಟು ಪುಟ. ಯೋಜನೆಯಿಂದ ಹಡಗುಗಳ ಓಡಾಟಕ್ಕೆ ತೊಂದರೆಯಾಗುವುದೇ ಎಂದು ಕೇಳಿತ್ತು. ದಾರಿಯಲ್ಲಿ ಒಂದು ಚರಂಡಿ ಸಿಗುತ್ತದೆ, ಅದಕ್ಕೆ. ಆಗುವುದಿಲ್ಲ ಎಂದು ಬರೆದೆ. ಯೋಜನೆಯನ್ನು ಕೈಗೊಳ್ಳದೇ ಇರುವ ಪರ್ಯಾಯವನ್ನು ಪರಿಗಣಿಸಲಾಗಿದೆಯೇ ಎಂದಿತ್ತು. ಹೌದು, ನಲವತ್ತು ವರ್ಷದಿಂದ, ಎಂದು ಬರೆದೆ. ಇಪ್ಪತ್ತೊಂಬತ್ತನೇ ಪುಟ ಮಾತ್ರ ಖಾಲಿ ಉಳಿಯಿತು. ಅದು 'ಹಿರಿಯರ ಜ್ಞಾನ'. ಆ ಜಾಗ ಬಲ್ಲ ಹಿರಿಯರೊಬ್ಬರನ್ನು ಇಲಾಖೆ ಕಳಿಸುವ ಕನ್ಸಲ್ಟೆಂಟ್ ಒಬ್ಬರು ಖುದ್ದಾಗಿ ಕಂಡು ಕೇಳಿ ತುಂಬಬೇಕು. ಹಿಂದೆಲ್ಲ ನಮ್ಮನ್ನು ಕೇಳದೇ ಎಲ್ಲಾ ಮಾಡಿದರಲ್ಲ, ಈಗ ಕೇಳಿಯೇ ಏನೂ ಮಾಡದಿರುವುದನ್ನು ಕಲಿತಿದ್ದರು.

ಬ್ಯಾಂಡಿನ ಮುಖ್ಯಸ್ಥ ಚೀಫ್ ಈನಸ್ ನನ್ನ ಮೇಜಿನ ಮೇಲೆ ಕೂತು ಆ ಪುಟ ನೋಡಿದ.

"ಏನೂ ಇಲ್ಲ ಅಂತ ಬರೀ ಹುಲ್ಡಾ."

"ನಾನು ಬರೆಯೋ ಹಾಗಿಲ್ಲ. ಜಾಗ ಗೊತ್ತಿರೋರನ್ನ ಕೇಳ್ಬೇಕಂತೆ."

"ಆ ಕಡೆ ಹುಟ್ಟಿ ಬೆಳೆದೋರು ಯಾರಿದಾರೆ ಈಗ?"

"ನಮ್ಮಜ್ಜಿ ಒಬ್ಳೇ."

ಈನಸ್ ನಕ್ಕ. "ಮತ್ತೆ ಅಳ್ತಾ ಕೂತಿದೀಯಲ್ಲ. ಅವಳ ಪೈಪಿಗೆ ಅವಳೇ ಸಾಕ್ಷಿ. ಶುಕ್ರವಾರದ ವಿಮಾನಕ್ಕೆ ಬರ್ಲಿ, ಏನೂ ಇಲ್ಲ ಅನ್ಲಿ, ಭಾನುವಾರ ವಾಪಸ್ ಹೋಗ್ಲಿ."

ಇಷ್ಟು ಸರಳವಾಗಿತ್ತು. ಕೆಡಿಸಿದವಳು ನಾನು.

ಕನ್ಸಲ್ಟೆಂಟ್ ಕರ್ಸ್ಟಿನ್ ಎನ್ನುವವಳು ಮೊದಲೇ ಪತ್ರ ಬರೆದಿದ್ದಳು. ನಿಮ್ಮಲ್ಲಿ ಹಿರಿಯರನ್ನು ಮಾತಾಡಿಸುವ ಪದ್ಧತಿ ಏನಾದರೂ ಇದೆಯೇ, ಗೌರವದಿಂದ ಪಾಲಿಸುತ್ತೇನೆ, ಎಂದು. ಇಲಾಖೆಯವರು ಯಾರಾದರೂ ನನ್ನಿಂದ ಒಂದು ಪದ್ಧತಿ ಕಲಿಯುತ್ತಾರೆಂದರೆ ಬಿಡುತ್ತೇನೆಯೇ? ಒಂದೂವರೆ ಪುಟ ಉತ್ತರ ಬರೆದೆ. ಕೇಳುವ ಮೊದಲು ಹೊಗೆಸೊಪ್ಪು ಕೊಡಬೇಕು, ಅಂಗೈ ಮೇಲೆ ಇಟ್ಟು ಕೊಡಬೇಕು, ಅವರು ತೆಗೆದುಕೊಂಡ ಮೇಲೇ ಬಾಯಿ ಬಿಡಬೇಕು. ಕಳಿಸಿ ಹೆಮ್ಮೆಯಿಂದ ಚಹಾ ಕುಡಿದೆ.

ಹೊಗೆಸೊಪ್ಪಿಲ್ಲದೆ ಕೇಳಿದರೆ ಅದು ಬರೀ ಹರಟೆ. ಅಜ್ಜಿ ಏನು ಬೇಕಾದರೂ ಹೇಳಬಹುದು, ಸುಳ್ಳು ಹೇಳಬಹುದು, ಬಿಂಗೋ ಆಟದ ಸುದ್ದಿ ಹೇಳಿ ಎದ್ದುಹೋಗಬಹುದು. ಹೊಗೆಸೊಪ್ಪು ಕೈಗೆ ತೆಗೆದುಕೊಂಡ ಮೇಲೆ ಹಾಗಲ್ಲ. ಕೇಳಿದ್ದಕ್ಕೆ ಇದ್ದದ್ದನ್ನು ಇದ್ದ ಹಾಗೆ, ಪೂರ್ತಿ ಹೇಳಬೇಕು. ಇದು ನಮ್ಮೂರಲ್ಲಿ ನಾಲ್ಕು ವರ್ಷದ ಮಗುವಿಗೂ ಗೊತ್ತು. ಪದವಿ ಇರುವ ನನಗೆ ಮರೆತಿತ್ತು.

ಶುಕ್ರವಾರ ಅಜ್ಜಿಯೂ ಕರ್ಸ್ಟಿನ್ನೂ ಒಂದೇ ವಿಮಾನದಲ್ಲಿ ಇಳಿದರು. ಕರ್ಸ್ಟಿನ್‌ಗೆ ಇಪ್ಪತ್ತಾರಿರಬಹುದು. ಹೊಸ ಬೂಟು, ಮುಖಕ್ಕೆ ಸೊಳ್ಳೆ ಪರದೆ. ಮಾರನೇ ಬೆಳಿಗ್ಗೆ ಅಜ್ಜಿಯ ಮನೆ ಮುಂದೆ ನಾವೆಲ್ಲ ಸೇರಿದೆವು. ಕರ್ಸ್ಟಿನ್ ಚೀಲದಿಂದ ಕೆಂಪು ಬಟ್ಟೆಯ ಗಂಟೊಂದನ್ನು ತೆಗೆದು, ನಾನು ಬರೆದಂತೆಯೇ ಅಂಗೈ ಮೇಲಿಟ್ಟು ಚಾಚಿದಳು.

ಅಜ್ಜಿ ಗಂಟು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ನಮ್ಮ ಭಾಷೆಯಲ್ಲಿ ಕೇಳಿದಳು.

"ಇದನ್ನ ತರೋಕೆ ಇವಳಿಗೆ ಯಾರು ಹೇಳಿಕೊಟ್ಟಿದ್ದು?"

"ನಾನೇ."

"ಜಾಣೆ. ನಿಮ್ಮಮ್ಮನೂ ಹೀಗೇ ಇದ್ಲು."

"ಬೇಡ ಅನ್ನಜ್ಜಿ. ತಗೋಬೇಡ."

"ಇಷ್ಟು ದೂರದಿಂದ ಮರ್ಯಾದೆಯಾಗಿ ತಂದಿದಾಳೆ. ಬೇಡ ಅನ್ನೋಕೆ ನಾನೇನು ಇಲಾಖೇನಾ?"

ತೆಗೆದುಕೊಂಡಳು. ಈನಸ್ ಟ್ರಕ್ಕಿಗೆ ಒರಗಿ ಕಣ್ಣು ಮುಚ್ಚಿದ.

ಕರ್ಸ್ಟಿನ್ ಕೇಳಿದಳು: ಈ ದಾರಿಯಲ್ಲಿ ಪೈಪು ಹೂಳಲು ಅಗೆದರೆ ಹಾಳಾಗುವಂಥದ್ದು ಏನಾದರೂ ಇದೆಯೇ?

ಅಜ್ಜಿ ತನ್ನ ಚಕ್ರದ ನಡೆಗೋಲು ತಳ್ಳಿಕೊಂಡು ಹೊರಟಳು. ಇಪ್ಪತ್ತು ಹೆಜ್ಜೆಗೊಮ್ಮೆ ಅದರ ಸೀಟಿನ ಮೇಲೆ ಕೂರುತ್ತಿದ್ದಳು, ಕೂತಲ್ಲೆಲ್ಲ ಏನೋ ಒಂದು ಇರುತ್ತಿತ್ತು. ಚರಂಡಿ ಹತ್ತಿರ ಕೂತು, ಹಿಮ ಕರಗಿದ ಮೇಲೆ ಸರೋವರದ ಮೀನು ಇಲ್ಲಿ ಮೊಟ್ಟೆಯಿಡಲು ಹತ್ತಿ ಬರುತ್ತದೆ ಎಂದಳು. ಶಾಲೆಯ ಹಿಂದಿನ ಜಲ್ಲಿ ಬಯಲಲ್ಲಿ ಕೂತು, ಇಲ್ಲಿ ನತ್ತಿಂಗ ಹಕ್ಕಿ ಬರೀ ನೆಲದ ಮೇಲೇ ಮೊಟ್ಟೆಯಿಡುತ್ತದೆ, ಗೂಡು ಕಟ್ಟುವ ಬುದ್ಧಿ ಅದಕ್ಕಿಲ್ಲ ಎಂದಳು. ನಾನು ಅನುವಾದಿಸುತ್ತಿದ್ದೆ. ಕರ್ಸ್ಟಿನ್ ನಕ್ಷೆಯ ಮೇಲೆ ಚುಕ್ಕೆ ಇಡುತ್ತಿದ್ದಳು. ಪ್ರತಿ ಚುಕ್ಕೆಗೂ ಅವಳ ಮುಖ ಅರಳುತ್ತಿತ್ತು.

ಬಿಳಿ ಕಾಂಡದ ಸಣ್ಣ ಮರಗಳ ಹತ್ತಿರ ಅಜ್ಜಿ ಮತ್ತೆ ಕೂತಳು.

"ಇಲ್ಲಿ ನನ್ನ ತಮ್ಮ ಇದಾನೆ."

"ಯಾವ ತಮ್ಮ?" ಎಂದೆ. ನನಗೆ ಗೊತ್ತಿರಲಿಲ್ಲ.

"ಹೆಸರಿಡೋ ಮುಂಚೇನೆ ಹೋದ. ಪಾದ್ರಿ ಸ್ಮಶಾನದಲ್ಲಿ ಜಾಗ ಕೊಡ್ಲಿಲ್ಲ, ಜ್ಞಾನಸ್ನಾನದ ನೀರು ಹಾಕ್ಸಿಲ್ಲ ಅಂತ. ಅಪ್ಪ ಇಲ್ಲಿ ಇಟ್ಟ. ಅನುವಾದ ಮಾಡು, ನನ್ನ ಮುಖ ಏನು ನೋಡ್ತೀಯ."

ಮಾಡಿದೆ. ಕರ್ಸ್ಟಿನ್ ಪೆನ್ನು ಕೆಳಗಿಟ್ಟು ಒಂದು ನಿಮಿಷ ಮೌನ ಆಚರಿಸಿದಳು. ಆಮೇಲೆ ಪೆನ್ನು ಎತ್ತಿಕೊಂಡು ಚುಕ್ಕೆ ಇಟ್ಟಳು.

ಅವಳು ಹೋದ ಮೇಲೆ ಈನಸ್ ಅಜ್ಜಿಯ ಅಡುಗೆಮನೆಗೆ ಬಂದು ಬ್ಯಾನಕ್ ರೊಟ್ಟಿಯನ್ನು ಜಾಮಿನಲ್ಲಿ ಅದ್ದಿ ತಿನ್ನುತ್ತಾ ತಲೆ ಕೊಡವಿದ.

"ಜೆಮೈಮಾ, ಅದು ಯಾರ ಪೈಪು ಅಂತ ಗೊತ್ತಾ ನಿನಗೆ?"

"ನಂದು."

"ಮೀನಿನ ಕತೆ ಬಿಟ್ಟಿದ್ರೆ ಆಗ್ತಿರ್ಲಿಲ್ವಾ?"

"ಮೀನು ಬರತ್ತಲ್ಲೋ ಈನಸ್. ನೀನೇ ಚಿಕ್ಕವನಿದ್ದಾಗ ಅದೇ ಚರಂಡೀಲಿ ಚಡ್ಡಿ ಒದ್ದೆ ಮಾಡ್ಕೊಂಡು ಹಿಡೀತಿದ್ದೆ. ಒದ್ದೆ ಆಗಿದ್ದೆಲ್ಲ ಚರಂಡಿ ನೀರೇ ಅಂತ ನಂಬಿದ್ವಿ ನಾವು."

ಈನಸ್ ಇನ್ನೊಂದು ರೊಟ್ಟಿ ತೆಗೆದುಕೊಂಡ.

ಎರಡು ವಾರಕ್ಕೆ ಇಲಾಖೆಯ ಪತ್ರ ಬಂತು. ಹಿರಿಯರ ಜ್ಞಾನ ಅತ್ಯಮೂಲ್ಯ ಎಂದು ಮೊದಲ ಸಾಲಿನಲ್ಲೇ ಹೊಗಳಿದ್ದರು. ಎಷ್ಟು ಅಮೂಲ್ಯ ಎಂದರೆ ಈಗ ಮೂರು ಸಮೀಕ್ಷೆ ಆಗಬೇಕು. ಮೀನಿನದ್ದು ಮೇ ತಿಂಗಳಲ್ಲಿ ಮಾತ್ರ ಆಗುತ್ತದೆ, ಹಕ್ಕಿಯದ್ದು ಜೂನಿನಲ್ಲಿ. ಸಮಾಧಿಗೆ ಮಣ್ಣಿನೊಳಗೆ ನೋಡುವ ಯಂತ್ರ ದಕ್ಷಿಣದಿಂದ ಬರಬೇಕು. ಎಲ್ಲಾ ಸರಿಹೋದರೆ ಮುಂದಿನ ವರ್ಷದ ಕೊನೆಗೆ ತೀರ್ಮಾನ. ನಾವು ಆಗ ಆಗಸ್ಟ್ ಕೊನೆಯಲ್ಲಿದ್ದೆವು.

ಇಲಾಖೆಯಲ್ಲಿ ನಮ್ಮ ಫೈಲು ನೋಡುವವಳು ಮಾರ್ಗೋ. ಅವಳಿಗೆ ಫೋನು ಮಾಡಿದೆ. ಕೆಟ್ಟವಳಲ್ಲ. ನಾನು ಯಂತ್ರದ ವಿಷಯ ಹೇಳುವಾಗ ಮಧ್ಯೆ ಮಧ್ಯೆ ಅಯ್ಯೋ ಪಾಪ ಎನ್ನುತ್ತಿದ್ದಳು. ಕೊನೆಗೆ ದನಿ ತಗ್ಗಿಸಿ, ಒಂದು ದಾರಿ ಇದೆ ಎಂದಳು.

"ಹಿರಿಯರ ಜ್ಞಾನ ಅವರದೇ ಸ್ವತ್ತು. ಮೂವತ್ತು ದಿನದೊಳಗೆ ಅವರು ವಾಪಸ್ ತಗೋಬಹುದು. ಒಂದು ಸಹಿ ಹಾಕಿದ್ರೆ ಸಾಕು, ಆ ಪುಟ ಇಲ್ಲ ಅಂತ ಲೆಕ್ಕ. ಎರಡು ವಾರದಲ್ಲಿ ಒಪ್ಪಿಗೆ ಕಳಿಸ್ತೀನಿ."

ಆ ಕಾಗದ ಹಿಡಿದು ಪೇಟೆಗೆ ಹೋದೆ. ಅಜ್ಜಿ ಡಯಾಲಿಸಿಸ್ ಕುರ್ಚಿಯಲ್ಲಿ ಒರಗಿ, ಯಾರೋ ಕೇಕು ಮಾಡುವುದನ್ನು ಟಿವಿಯಲ್ಲಿ ನೋಡುತ್ತಿದ್ದಳು. ಅವಳು ತಿನ್ನಬಾರದ್ದೆಲ್ಲ ಅದರಲ್ಲಿತ್ತು. ಕಾಗದ ಓದಿ ಹೇಳಿದೆ. ಪೆನ್ನು ಕೊಟ್ಟೆ.

"ಏನಂತ ಸಹಿ ಹಾಕ್ಬೇಕು?"

"ಹೇಳಿದ್ದನ್ನ ವಾಪಸ್ ತಗೊಂಡಿದೀನಿ ಅಂತ."

"ನನ್ನ ತಮ್ಮ ಅಲ್ಲಿಲ್ಲ ಅಂತಾನಾ?"

"ಇಲ್ಲ ಅಂತ ಅಲ್ಲಜ್ಜಿ. ಇದಾನೆ ಅಂತ ಹೇಳಿಲ್ಲ ಅಂತ."

"ಹೊಗೆಸೊಪ್ಪು ಅವತ್ತೇ ಸರೋವರಕ್ಕೆ ಹಾಕಿ ಬಂದೆ. ಅದನ್ನ ಯಾರು ವಾಪಸ್ ತರ್ತಾರೆ, ನಿನ್ನ ಮಾರ್ಗೋನಾ?"

"ಅಜ್ಜಿ, ಯಂತ್ರ ಬೇರೆಯವರಿಗೆ ಹೋಗತ್ತೆ."

"ಹೋಗ್ಲಿ. ಅವರಿಗೂ ಕಿಡ್ನಿ ಇಲ್ಲ."

ನನಗೆ ಸಿಟ್ಟು ಬಂತು. ಎರಡು ವರ್ಷದಿಂದ ಫೋನು ಮಾಡಿದಾಗಲೆಲ್ಲ, ಇಲ್ಲಿ ಕಿಟಕಿ ತೆಗೆದರೆ ಇಟ್ಟಿಗೆ ಗೋಡೆ ಕಾಣುತ್ತದೆ, ಇಲ್ಲೇ ಸತ್ತರೆ ಪೆಟ್ಟಿಗೆಯಲ್ಲಿ ವಿಮಾನ ಹತ್ತಿಸುತ್ತಾರೆ ಎಂದು ನನ್ನ ತಲೆ ತಿಂದವಳು ಇವಳೇ. ಹಾಗೆಂದೆ. ಆರು ವಾರ ಸೂಜಿ ಚುಚ್ಚುವುದನ್ನು ಕಲಿತದ್ದು ಯಾರಿಗಾಗಿ ಎಂದೂ ಕೇಳಿದೆ. ಪಕ್ಕದ ಕುರ್ಚಿಯ ಮುದುಕ ಟಿವಿ ಬಿಟ್ಟು ನಮ್ಮನ್ನು ನೋಡತೊಡಗಿದ.

ಅಜ್ಜಿ ನಾನು ಮುಗಿಸುವವರೆಗೆ ಕಾದಳು.

"ಮುಗೀತಾ? ಆ ಹುಡುಗಿ ನನ್ನ ಏನು ಕೇಳಿದ್ಲು?"

"ಅಗೆದ್ರೆ ಏನು ಹಾಳಾಗತ್ತೆ ಅಂತ."

"ಹೇಳಿದೆ. ಎಲ್ಲಿ ಅಗೀಬಹುದು ಅಂತ ಕೇಳಿದ್ಲಾ? ನೀನು ಕೇಳಿದ್ಯಾ? ಈನಸ್ ಕೇಳಿದ್ನಾ? ಅವನು ರೊಟ್ಟಿ ತಿಂದ."

ನಾನು ಕೇಳಲು ಬಾಯಿ ತೆರೆದೆ. ಅವಳು ಸೂಜಿಯಿಲ್ಲದ ಕೈಯನ್ನು ಅಂಗೈ ಮೇಲಾಗಿ ಚಾಚಿದಳು.

ಆಸ್ಪತ್ರೆ ಎದುರಿನ ಪೆಟ್ರೋಲ್ ಬಂಕಿಗೆ ಓಡಿ ಒಂದು ಪ್ಯಾಕು ಸಿಗರೇಟು ತಂದೆ. ಕಿಡ್ನಿ ವಿಭಾಗದಲ್ಲಿ ಸಿಗರೇಟು ಪ್ಯಾಕನ್ನು ಅಂಗೈ ಮೇಲಿಟ್ಟು ರೋಗಿಗೆ ಅರ್ಪಿಸಿದ್ದು ಬಹುಶಃ ನಾನೊಬ್ಬಳೇ. ನರ್ಸು ಬರುವುದರೊಳಗೆ ಅಜ್ಜಿ ಅದನ್ನು ಹೊದಿಕೆಯಡಿ ಸೇರಿಸಿದಳು.

"ಪೈಪನ್ನ ಎಲ್ಲಿ ಹಾಕ್ಬೇಕು ಅಜ್ಜಿ?"

"ಪಾದ್ರಿಗಳ ಪೈಪು ಇರೋ ಕಡೆ."

ಅಂಥ ಪೈಪಿನ ಸುದ್ದಿ ನಾನು ಕೇಳಿರಲಿಲ್ಲ. ಅವಳಿಗೆ ಏಳು ವರ್ಷವಾಗಿದ್ದಾಗ ಮಿಷನ್ ಮನೆಯ ಪಾದ್ರಿಗಳಿಗೆ ಒಳಗೇ ನೀರು ಬೇಕೆನಿಸಿತಂತೆ. ಸರೋವರದಿಂದ ಮೇಲಕ್ಕೆ, ಈಗ ಶಾಲೆ ಇರುವ ಜಾಗ ದಾಟಿ, ಚರ್ಚಿನ ಹಿಂದಿನ ದಿಬ್ಬದ ಮೇಲೆ ಕಬ್ಬಿಣದ ಪೈಪು ಹೂಳಿಸಿದರು. ಅಗೆದವನು ಅವಳಪ್ಪ, ಇನ್ನೂ ಇಬ್ಬರು. ಇವಳು ಅವರಿಗೆ ಚಹಾ ಒಯ್ಯುತ್ತಿದ್ದಳು. ದಿಬ್ಬ ಒಣನೆಲ, ಮೀನಿಲ್ಲ, ಹಕ್ಕಿಯಿಲ್ಲ, ಸತ್ತವರಿಲ್ಲ. ಆಮೇಲೆ ಮಿಷನ್ ಮನೆ ಸುಟ್ಟುಹೋಯಿತು. ಅದರ ಪಾಯದ ಪಕ್ಕದಲ್ಲೇ ಬ್ಯಾಂಡಿನವರು ಅಜ್ಜಿಗೆ ಮನೆ ಕಟ್ಟಿಕೊಟ್ಟರು.

"ಪೈಪು ಹೂಳಿ ಆದ್ಮೇಲೆ ನಿಮಗೂ ನೀರು ಕೊಟ್ರಾ?"

"ಕೊಟ್ರು. ಬಕೆಟ್ಟು ಕೊಟ್ರು."

ಹೊಸ ದಾರಿ ಎಂದರೆ ಹೊಸ ಅರ್ಜಿ, ಮೂವತ್ತೆಂಟು ಪುಟ, ಹದಿನಾಲ್ಕು ತಿಂಗಳು. ಊರಿಗೆ ಬಂದವಳೇ ನಿಯಮಗಳ ಪುಸ್ತಕ ತೆಗೆದು ಮೂರು ದಿನ ಓದಿದೆ. ಕೊನೆಯ ಅನುಬಂಧದಲ್ಲಿ ಇತ್ತು: ಈಗಾಗಲೇ ಇರುವ ಕೊಳವೆಯ ದುರಸ್ತಿಗೆ, ಹಾಳಾದ ಭಾಗದ ಬದಲಾವಣೆಗೆ ಪರಿಶೀಲನೆ ಬೇಕಿಲ್ಲ. ಮಾಹಿತಿ ನೀಡಿದರೆ ಸಾಕು. ಕೊಳವೆ ಬದುಕಿರಬೇಕು ಎಂದು ಎಲ್ಲೂ ಬರೆದಿರಲಿಲ್ಲ.

ಮಾರ್ಗೋಗೆ ಫೋನು ಮಾಡಿದೆ.

"ದುರಸ್ತಿ? ಆ ಪೈಪು ನಮ್ಮ ದಾಖಲೆಯಲ್ಲೇ ಇಲ್ವಲ್ಲ ಹುಲ್ಡಾ."

"ಮಗು ಸಮಾಧಿನೂ ನಿಮ್ಮ ದಾಖಲೇಲಿ ಇರ್ಲಿಲ್ಲ. ಒಪ್ಕೊಂಡ್ರಿ."

"ಅದು ಹಿರಿಯರ ಜ್ಞಾನ."

"ಇದೂ ಅವರದೇ. ಅದೇ ಹಿರಿಯರು, ಅದೇ ಬಾಯಿ."

ಆ ಕಡೆ ಕೀಲಿಮಣೆ ಸದ್ದು ಸ್ವಲ್ಪ ಹೊತ್ತು ಕೇಳಿತು.

"ಪದ್ಧತಿ ಪಾಲಿಸಿದ್ರಾ?"

"ಒಂದು ಪ್ಯಾಕ್. ಫಿಲ್ಟರ್ ಇರೋದು."

ಮಾರ್ಗೋ ನಕ್ಕಳೋ ಕೆಮ್ಮಿದಳೋ ತಿಳಿಯಲಿಲ್ಲ. ಮಾಹಿತಿ ಸ್ವೀಕರಿಸಲಾಗಿದೆ ಎಂಬ ಒಂದು ಸಾಲಿನ ಉತ್ತರ ಆ ಸಂಜೆಯೇ ಬಂತು. ಕೆಳಗೆ, ಮೀನು, ಹಕ್ಕಿ ಮತ್ತು ಸಮಾಧಿಯ ಸಮೀಕ್ಷೆಗಳು ಮುಂದಿನ ವರ್ಷ ಯಥಾಪ್ರಕಾರ ನಡೆಯಲಿವೆ, ಫೈಲು ತೆರೆದ ಮೇಲೆ ಮುಚ್ಚಲಾಗುವುದಿಲ್ಲ, ಎಂದಿತ್ತು. ಇರಲಿ. ಹಕ್ಕಿಗಳಿಗೂ ಯಾರಾದರೂ ಬಂದು ಹೋದರೆ ಒಳ್ಳೆಯದೇ.

ಸೆಪ್ಟೆಂಬರ್ ಹದಿನೆಂಟಕ್ಕೆ ಸೈಲಸ್ ಮಾವ ನಾಯಿಮರಿಗಳನ್ನು ಬೇರೆ ಕಡೆ ಸಾಗಿಸಿ, ಬ್ಯಾಂಡಿನ ಅಗೆಯುವ ಯಂತ್ರವನ್ನು ಚರ್ಚಿನ ಹಿಂದಕ್ಕೆ ತಂದ. ಹಲ್ಲುಕಡ್ಡಿ ಕಚ್ಚಿಕೊಂಡು ಕೇಳಿದ.

"ನಿಜವಾಗ್ಲೂ ಇದ್ಯೇನೇ ಪೈಪು?"

"ಅಜ್ಜಿ ಹೇಳಿದಾಳೆ."

"ಹೇಳಿದಾಳೆ ಸರಿ. ಇದ್ಯಾ?"

ಇದೆ ಎಂದೆ. ಎದೆಯಲ್ಲಿ ಅಷ್ಟು ಧೈರ್ಯ ಇರಲಿಲ್ಲ. ಅರವತ್ತು ವರ್ಷದ ಹಿಂದೆ ಚಹಾ ಒಯ್ದ ಏಳು ವರ್ಷದ ಹುಡುಗಿಯ ಮಾತಿನ ಮೇಲೆ ನಾನು ಸರ್ಕಾರಕ್ಕೆ ಸಹಿ ಹಾಕಿ ಕೊಟ್ಟಿದ್ದೆ. ಮೊದಲ ಬಾಚು ಬರೀ ಮಣ್ಣು. ಎರಡನೆಯದೂ ಅಷ್ಟೇ. ಈನಸ್ ಬಂದು, ಕೈಕಟ್ಟಿ ನಿಂತು, ನನ್ನನ್ನು ಇನ್ನಷ್ಟು ಹೆದರಿಸಿದ. ಐದನೇ ಬಾಚಿಗೆ ಕಬ್ಬಿಣ ಕಿರುಗುಟ್ಟಿತು. ಸೈಲಸ್ ಮಾವ ಇಳಿದು ಕೈಯಿಂದ ಮಣ್ಣು ಸರಿಸಿದ. ತೊಡೆಯಷ್ಟು ದಪ್ಪದ ತುಕ್ಕು, ಒಳಗೆಲ್ಲ ಬೇರು.

"ಸ್ವಲ್ಪ ರಿಪೇರಿ ಇದೆ," ಎಂದು ಹೇಳಿ ಅಷ್ಟನ್ನೂ ಎಳೆದು ಬಿಸಾಕಿದ.

ರಿಪೇರಿ ಆರು ದಿನ ನಡೆಯಿತು. ಹಳೇ ಪೈಪಿನಲ್ಲಿ ಒಂದು ಬೋಲ್ಟೂ ಉಳಿಯಲಿಲ್ಲ.

ಅಕ್ಟೋಬರ್ ಮೂರಕ್ಕೆ ಅಜ್ಜಿ, ಯಂತ್ರ, ನಲವತ್ತು ಪೆಟ್ಟಿಗೆ ಸಾಮಾನು, ಜೊತೆಗೆ ಪೇಟೆಯ ನರ್ಸು ಬಂದಿಳಿದರು. ನರ್ಸು ಅಡುಗೆಮನೆಯ ನಲ್ಲಿ ತಿರುಗಿಸಿದಳು. ಐದು ನಿಮಿಷ ಕಂದು ನೀರು ಬಂತು, ಆಮೇಲೆ ತಿಳಿಯಾಯಿತು. ಅವಳು ತನ್ನ ಕಾಗದದಲ್ಲಿ ಗುರುತು ಹಾಕಿ, ಒಂದು ಲೋಟ ಹಿಡಿದು ಕುಡಿಯಲು ಹೋದಳು.

"ಅದನ್ನ ಕುಡೀಬೇಡಿ," ಎಂದೆ. "ಕುದಿಸಿ ಕುಡೀಬೇಕು. ಊರಿಗೆಲ್ಲಾ ಹಾಗೇ ನೋಟಿಸ್ ಇದೆ."

"ಎಷ್ಟು ದಿನದಿಂದ?"

"ಹನ್ನೊಂದು ವರ್ಷ."

ಅವಳು ಲೋಟ ಕೆಳಗಿಟ್ಟಳು. ಯಂತ್ರಕ್ಕೇನೂ ತೊಂದರೆ ಇಲ್ಲ, ಅದರ ಮುಂದೆ ಫಿಲ್ಟರಿನ ದೊಡ್ಡ ಪೆಟ್ಟಿಗೆಯೇ ಇದೆ, ಅದರಿಂದ ಹೊರಬರುವ ನೀರಿನಷ್ಟು ಶುದ್ಧ ನೀರು ಪೇಟೆಯಲ್ಲೂ ಸಿಗುವುದಿಲ್ಲ ಎಂದು ವಿವರಿಸಿದಳು. ನಾನು ಅನುವಾದಿಸಿದೆ.

"ಅಂದ್ರೆ ನನ್ನ ರಕ್ತಕ್ಕೆ ಒಳ್ಳೇ ನೀರು, ಚಹಾಕ್ಕೆ ಕೆಟ್ಟ ನೀರಾ?" ಎಂದಳು ಅಜ್ಜಿ. "ಕೇಳು ಅವಳನ್ನ, ಆ ಪೆಟ್ಟಿಗೇಲಿ ನೀರು ಮಿಗತ್ತಾ ಅಂತ."

ಮಿಗುತ್ತಿತ್ತು.

ನರ್ಸು ಹೋದ ಮಾರನೇ ದಿನ ಸೈಲಸ್ ಮಾವ ಆ ಪೆಟ್ಟಿಗೆಯಿಂದ ಒಂದು ಕವಲು ತೆಗೆದು ಸಿಂಕಿನ ಮೇಲೆ ಪುಟ್ಟ ನಲ್ಲಿ ಕೂರಿಸಿದ. ಅದಕ್ಕೆ ಪರಿಶೀಲನೆ ಬೇಕೇ ಎಂದು ನಾನು ಪುಸ್ತಕ ನೋಡಲಿಲ್ಲ. ಅಜ್ಜಿಯ ಮೊದಲ ಚಹಾಕ್ಕೆ ಅಳತೆಯ ಲೋಟದಲ್ಲಿ ನೀರು ಹಿಡಿದೆ. ಅವಳಿಗೆ ದಿನಕ್ಕೆ ಇಂತಿಷ್ಟೇ ಎಂದು ಮಿತಿಯಿದೆ. ಡಬ್ಬಿ ಹಾಲು ಹಾಕಿ ಕುಡಿದು, ರುಚಿಯೇ ಇಲ್ಲ, ನೀರಲ್ಲಿ ಏನೋ ಕಮ್ಮಿಯಾಗಿದೆ ಎಂದಳು.

ಸುದ್ದಿ ನಾನು ಯಾರಿಗೂ ಹೇಳಿರಲಿಲ್ಲ. ಸೋಮವಾರ ಅವಳನ್ನು ಕುರ್ಚಿಯಲ್ಲಿ ಕೂರಿಸಿ, ಸೂಜಿ ಚುಚ್ಚಿ, ಯಂತ್ರ ಶುರು ಮಾಡಿ ತಲೆಯೆತ್ತಿದರೆ ಬಾಗಿಲಲ್ಲಿ ಪಕ್ಕದ ಮನೆಯ ಡೆಲೈಲಾ ಕೆಟಲು ಹಿಡಿದು ನಿಂತಿದ್ದಳು. ಮೊಮ್ಮಗುವಿನ ಹಾಲಿನ ಪುಡಿಗೆ, ಎಂದಳು. ಅವಳ ಹಿಂದೆ ಇನ್ನಿಬ್ಬರು, ಮೆಟ್ಟಿಲ ಮೇಲೆ ನಾಲ್ವರು. ಕೊನೆಯಲ್ಲಿ ಚೀಫ್ ಈನಸ್, ಇಪ್ಪತ್ತು ಲೀಟರಿನ ಕ್ಯಾನು.

"ಈನಸ್, ಅದೇನು ಕುದುರೆಗಾ?" ಎಂದಳು ಅಜ್ಜಿ ಕುರ್ಚಿಯಿಂದಲೇ. "ಕೆಟಲು ತಂದೋರು ಮುಂದೆ ಬನ್ನಿ. ಬೂಟು ಹೊರಗೆ. ನಾಲ್ಕು ಗಂಟೆ ಇಲ್ಲೇ ಇರ್ತೀನಿ, ಎಲ್ಲಿಗೂ ಓಡಿಹೋಗಲ್ಲ. ಒಬ್ಬೊಬ್ಬರೇ ಕೂತು ಮಾತಾಡ್ಕೊಂಡು ಹೋಗಿ."

ಡೆಲೈಲಾ ಬೂಟು ಬಿಚ್ಚಿ ಒಳಗೆ ಬಂದು, ಕೆಟಲನ್ನು ಪುಟ್ಟ ನಲ್ಲಿಯ ಕೆಳಗಿಟ್ಟಳು. ನೀರು ಸಣ್ಣಗೆ ಬರುತ್ತದೆ, ತುಂಬಲು ಸಾಕಷ್ಟು ಹೊತ್ತು ಬೇಕು. ಅವಳು ಕುರ್ಚಿ ಎಳೆದುಕೊಂಡಳು.